ಅಲೆಗಳು ನಿಧಾನಿಸಿದ ಬೆಳಗು

"ಸಾಕು ನಿಲ್ಸೋ ಕಣ್ಣಾ! ಮೊರದ ಅಕ್ಕಿಗೆ ಗುಬ್ಬಚ್ಚಿ ಹಿಂಡು ಜಗಳಕ್ಕೆ ಬಿದ್ದ ಹಾಗಿದೆ," ಎಂದು ವೆಂಕಟಲಕ್ಷ್ಮಮ್ಮನವರು ಅಡುಗೆಮನೆಯಿಂದಲೇ ಕೂಗಿದರು.

ಅವರ ಮಗ ಗುರುಚರಣನು ಟೇಪ್‌ರೆಕಾರ್ಡರನ್ನು ನಿಲ್ಲಿಸಲಿಲ್ಲ. ಉಸಿರಿಗೂ ಎಡೆಗೊಡದೆ ಕಿಚಗುಟ್ಟುತ್ತ ಓಡುತ್ತಿದ್ದ ಆ ಸದ್ದಿನಲ್ಲಿ ಪದವೊಂದೂ ಬಿಡಿಯಾಗಿ ಕಿವಿಗೆ ಸಿಕ್ಕುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತಿದ್ದ ಹರಿಪ್ರಿಯಾ ಮುಂದಕ್ಕೆ ಬಾಗಿದಳು.

"ಯಾರದು ಈ ಧ್ವನಿ?"

"ರವಿದು."

"ರವಿಕಿರಣನದೇ? ಆ ಗಂಭೀರವಾದ ಕಂಠವೇ?"

"ಅದೇ ಕಂಠ. ಡಬಲ್ ಸ್ಪೀಡ್‌ನಲ್ಲಿ ಓಡ್ತಿದೆ, ಅಷ್ಟೆ."

ಕೆಲವು ದಿನಗಳ ಹಿಂದೆ ಮದರಾಸಿನ ಕಾಸಿಮೇಡು ಮೀನುಬಂದರಿನಲ್ಲಿ, ಧನುರ್ಮಾಸದ ಮುಂಜಾವಿನ ಚಿತ್ರೀಕರಣದ ನಡುವೆ, ಹಿಪ್‌ಹಾಪ್ ಹಾಡುಗಾರ ರವಿಕಿರಣನು ದೋಣಿಯ ಮೂತಿಯಿಂದ ನೀರಿಗೆ ಬಿದ್ದು ಕಣ್ಮರೆಯಾಗಿದ್ದನು. ಕಡಲು ಇನ್ನೂ ಅವನ ದೇಹವನ್ನು ಹಿಂದಿರುಗಿಸಿರಲಿಲ್ಲ. ದೋಣಿಯ ಹಗ್ಗವನ್ನು ಜಗ್ಗಿ ಅವನನ್ನು ಬೀಳಿಸಿದವನು ನಿರ್ದೇಶಕ ಗುರುಚರಣನೇ ಎಂದು ಸಾಕ್ಷಿ ನುಡಿದವರು ಒಬ್ಬರೇ: ಆ ಹಾಡಿನ ಒಡೆಯರೂ, ತುಳಸೀವನ ಧ್ವನಿಸುರುಳಿ ಸಂಸ್ಥೆಯ ಯಜಮಾನರೂ ಆದ ಹರಿದಾಸರಾಯರು. ಆ ಒಬ್ಬರ ಮಾತಿನ ಬಲದ ಮೇಲೆ, ಸಂಜೆಯೊಳಗೆ ಗುರುಚರಣನನ್ನು ಬಂಧಿಸುವುದಾಗಿ ಸಬ್‌ಇನ್‌ಸ್ಪೆಕ್ಟರು ತಿಳಿಸಿದ್ದರು.

ಎಗ್ಮೋರಿನ ಹೋಟೆಲೊಂದರ ಮೇಲಂತಸ್ತಿನಲ್ಲಿ ಪತ್ತೇದಾರಿಯ ಕಚೇರಿ ಇಟ್ಟುಕೊಂಡಿದ್ದ ಹರಿಪ್ರಿಯಾಳಿಗೆ ಗುರುಚರಣನು ಬರಿಯ ಕಕ್ಷಿದಾರನಲ್ಲ; ತಿರುವಲ್ಲಿಕ್ಕೇಣಿಯ ಇದೇ ಬೀದಿಯಲ್ಲಿ ಅವಳೊಡನೆ ಆಡಿ ಬೆಳೆದವನು. ಕೆಲಸವನ್ನು ಒಪ್ಪಿಸುವಾಗ ಅವನು ಆಡಿದ್ದು ಒಂದೇ ಮಾತು: ರವಿಯನ್ನು ಹುಡುಕಿಕೊಡು, ಜೀವಂತವಾಗಿ. ದುಃಖವು ಅವನ ಬುದ್ಧಿಯನ್ನು ಮಸುಕುಗೊಳಿಸಿರಬೇಕೆಂದು ಎಣಿಸಿ ಅವಳು ಎದುರಾಡದೆ ಒಪ್ಪಿಕೊಂಡಿದ್ದಳು.

"ಹಾಡನ್ನ ಯಾಕೆ ಹೀಗೆ ಓಡಿಸ್ತೀಯ?"

"ಷೂಟಿಂಗ್‌ಗೆ. ನೋಡು ಪ್ರಿಯಾ, ಕ್ಯಾಮೆರಾ ಡಬಲ್ ಸ್ಪೀಡ್‌ನಲ್ಲಿ ಓಡುತ್ತೆ. ಹಾಡೂ ಡಬಲ್ ಸ್ಪೀಡ್‌ನಲ್ಲಿ ಓಡುತ್ತೆ. ರವಿ ಆ ವೇಗಕ್ಕೇ ತುಟಿ ಆಡಿಸ್ಬೇಕು. ಆಮೇಲೆ ಪರದೆ ಮೇಲೆ ಎಲ್ಲಾನೂ ಮಾಮೂಲು ವೇಗಕ್ಕೆ ಇಳಿಸ್ತೀವಿ. ಆಗ ತುಟಿ ಹಾಡಿಗೆ ಸರಿಯಾಗಿ ಕೂತ್ಕೊಳ್ಳುತ್ತೆ. ಆದ್ರೆ ಉಳಿದದ್ದೆಲ್ಲಾ..." ಅವನು ಬಲಗೈಯನ್ನು ಗಾಳಿಯಲ್ಲಿ ಮೆಲ್ಲನೆ ತೇಲಿಸಿದನು. "ಸಮುದ್ರ, ಹೊಗೆ, ಹಕ್ಕಿ, ಅವನ ಅಂಗಿಯ ಅಂಚು, ಎಲ್ಲಾ ಅರ್ಧ ವೇಗ. ಲೋಕವೇ ನಿದ್ದೇಲಿ ನಡೀತಿದೆ, ಇವನೊಬ್ಬನೇ ಎಚ್ಚರ ಇದಾನೆ ಅನ್ನೋ ಹಾಗೆ."

ವೆಂಕಟಲಕ್ಷ್ಮಮ್ಮನವರು ಎರಡು ಲೋಟ ಕಾಫಿಯೊಂದಿಗೆ ಹೊರಗೆ ಬಂದರು.

"ಒಂದು ಮಾಸ ಪೂರ್ತಿ ಆ ಹುಡುಗ ಇದೇ ನಡುಮನೇಲಿ ನಿಂತು ಈ ಕಿಚಕಿಚಕ್ಕೆ ಬಾಯಿ ಬಡ್ಕೊಂಡ್ನಮ್ಮಾ. ದೇವರ ನೈವೇದ್ಯದ ಹೊತ್ತಿಗೂ ಬಿಡ್ಲಿಲ್ಲ. ಪಾವಂ, ಪಾಪದ ಹುಡುಗ, ಚೆನ್ನಾಗಿ ಉಣ್ತಿದ್ದ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ಇವನಿಗೆ ಊರೆಲ್ಲಾ ದೊಡ್ಡ ಡೈರೆಕ್ಟರ್ ಅಂತಾರೆ. ಬೆಳಗ್ಗೆ ಮುದ್ರೆ ಹಚ್ಕೊಂಡು ಹೋಗೋ ಅಂತ ಇವತ್ತಿಗೂ ನಾನೇ ಹಿಂದೆ ಬೀಳ್ಬೇಕು."

"ಹಚ್ಕೊಂಡಿದೀನಲ್ಲಮ್ಮಾ," ಎಂದು ಗುರುಚರಣನು ಜೋಲುವ ಟೀಷರ್ಟಿನ ತೋಳನ್ನು ಏರಿಸಿ ತೋರಿಸಿದನು. ಮುಂದೋಳಿನ ಮೇಲೆ ಗೋಪೀಚಂದನದ ಶಂಖ ಚಕ್ರಗಳು ಒಣಗಿ ಹಳದಿಯಾಗಿದ್ದವು.

ಮದುವೆ ಮುಂಜಿಗಳ ವೀಡಿಯೊ ತೆಗೆಯುವುದರಿಂದ ಅವನ ವೃತ್ತಿ ಮೊದಲಾಗಿತ್ತು. ಹೋಮದ ಹೊಗೆಯ ಹಿಂದೆ ಮಸುಕಾಗುವ ಮದುಮಗಳ ಮುಖದ ಮೇಲೆ ಕ್ಯಾಮೆರಾವನ್ನು ಬಹಳ ಹೊತ್ತು ನಿಲ್ಲಿಸುತ್ತಾನೆಂದು, ಊಟದ ಪಂಕ್ತಿಯ ನೆಂಟರೇ ವೀಡಿಯೊದಲ್ಲಿ ಬರುವುದಿಲ್ಲವೆಂದು, ಬೀಗರು ದೂರುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಟೀವಿಯ ಸಂಗೀತವಾಹಿನಿಗಳಲ್ಲಿ ಅಮೆರಿಕದ ಕರಿಯ ಹುಡುಗರು ಮಾತನ್ನೇ ತಾಳವಾಗಿಸಿ ಹಾಡುವುದನ್ನು ಕಂಡು, ತಾತನು ಉಸಿರು ಕಟ್ಟಿ ಹೇಳುತ್ತಿದ್ದ ದಂಡಕಗಳೇ ಮರಳಿ ಬಂದವೆಂದು ಅವನು ಹಿಗ್ಗಿದ್ದನು. ಬಾಡಿಗೆಯ ಕ್ಯಾಮೆರಾ ಹೆಗಲಿಗೇರಿಸಿ, ಕೂವಂ ನದಿಯ ಸೇತುವೆಯ ಕೆಳಗೆ ಕಾಲೇಜಿನ ಗೆಳೆಯರನ್ನು ಕುಣಿಸಿದ್ದು ಅವನ ಮೊದಲ ಹಿಪ್‌ಹಾಪ್ ಚಿತ್ರ. ಅಲ್ಲಿಂದ ಐದಾರು ವರ್ಷಗಳಲ್ಲಿ, ಮದರಾಸಿನಲ್ಲಿ ಯಾವ ಹುಡುಗನು ಮಾತಿನ ಹಾಡು ಕಟ್ಟಿದರೂ ಅದಕ್ಕೆ ಕಣ್ಣು ಕೊಡಲು ಗುರುಚರಣನೇ ಬೇಕೆಂಬಂತಾಗಿತ್ತು. ಅವನ ಚಿತ್ರಗಳಲ್ಲಿ ಗಿಜಿಗುಟ್ಟುವ ಪೇಟೆಯೂ ಕ್ಷೀರಸಾಗರದ ಯೋಗನಿದ್ರೆಯಲ್ಲಿ ಮುಳುಗಿದಂತೆ ತೋರುತ್ತಿತ್ತು.

"ಆ ದಿನದ ಫಿಲ್ಮ್ ಎಲ್ಲಿ?"

ಗುರುಚರಣನು ಲೋಟದೊಳಕ್ಕೆ ನೋಡಿದನು. "ಗಲಾಟೆಯಲ್ಲಿ ಡಬ್ಬಿ ಕಾಣೆಯಾಯ್ತು. ನೀರಿಗೆ ಬಿತ್ತೋ ಏನೋ."

"ಬೀಳೋದನ್ನ ನೀನು ನೋಡಿದ್ಯಾ?"

"ಇಲ್ಲ."

ಆ ಒಂದು ಪದವು ಅವನ ಬಾಯಿಂದ ತುಸು ಅವಸರವಾಗಿ ಹೊರಟಿತೆಂದು ಹರಿಪ್ರಿಯಾಳಿಗೆ ಅನಿಸಿತು. ಅವಳು ಕ್ಯಾಸೆಟ್ಟನ್ನು ಹೊರತೆಗೆದು ಕೈಚೀಲಕ್ಕೆ ಸೇರಿಸಿಕೊಂಡಳು.

"ಏಳು. ಹರಿದಾಸ ಮಾಮಾನ ನೋಡ್ಕೊಂಡು ಬರೋಣ."

ಎಗ್ಮೋರಿನ ಮ್ಯೂಸಿಯಂ ಹಿಂದಿನ ಬೀದಿಯಲ್ಲಿದ್ದ ಹಳೆಯ ಬಂಗಲೆಯೇ ತುಳಸೀವನದ ಕಚೇರಿ. ಮಾರ್ಗಶಿರದ ಇಳಿಬಿಸಿಲು ಬಣ್ಣದ ಗಾಜುಗಳಿಂದ ಸೋಸಿ ಬಂದು, ಮಹಡಿಯ ಕೋಣೆಯ ನೆಲದಲ್ಲಿ ಹಸಿರು ಕೆಂಪಿನ ಮಡುಗಳಾಗಿ ನಿಂತಿತ್ತು. ಗೋಡೆಯುದ್ದಕ್ಕೂ ದೇವರನಾಮಗಳ ಕ್ಯಾಸೆಟ್ಟುಗಳು. ಅವುಗಳಲ್ಲಿ ಅರ್ಧಕ್ಕರ್ಧ ಹೊದಿಕೆಗಳ ಮೇಲೆ ಒಬ್ಬನೇ ಹುಡುಗನು ಬೇರೆ ಬೇರೆ ವಯಸ್ಸಿನಲ್ಲಿ ತಂಬೂರಿ ಹಿಡಿದು ನಗುತ್ತಿದ್ದನು. ರವಿಕಿರಣನು ಹಾಡುತ್ತ ಬೆಳೆದುದು ಈ ಮನೆಯಲ್ಲಿಯೇ. ನಂಜನಗೂಡಿನಿಂದ ವಲಸೆ ಬಂದ ತಂದೆ ತಾಯಿಗಳು ಅವನ ಕಂಠವನ್ನು ಎಳವೆಯಲ್ಲಿಯೇ ಈ ಸಂಸ್ಥೆಗೆ ಒಪ್ಪಂದ ಮಾಡಿಕೊಟ್ಟಿದ್ದರು. ರಾಯರ ಅನುಮತಿಯಿಲ್ಲದೆ ಅವನು ಬೇರೆಲ್ಲಿಯೂ ಬಾಯಿ ತೆರೆಯುವಂತಿರಲಿಲ್ಲ.

ಹರಿದಾಸರಾಯರು ತುಳಸೀಮಣಿಯನ್ನು ಬೆರಳುಗಳ ನಡುವೆ ಜಾರಿಸುತ್ತ ಕುಳಿತಿದ್ದರು. ಗುರುಚರಣನನ್ನು ಕಂಡೊಡನೆ ಬೆರಳುಗಳು ನಿಂತವು.

"ಇವನನ್ನ ಯಾಕಮ್ಮಾ ಕರ್ಕೊಂಡು ಬಂದೆ?"

"ನೀವು ಹೇಳೋದನ್ನ ಅವನೂ ಕೇಳ್ಲಿ ಅಂತ, ಮಾಮಾ."

"ಕೇಳ್ಲಿ. ನನಗೇನು ಭಯ?"

"ಧನುರ್ಮಾಸದ ಪೂಜೆ ಹೊತ್ತು ಹುಟ್ಟೋ ಮುಂಚೆ ಆಗ್ಬೇಕಲ್ಲ. ಮಡಿ ಬಿಟ್ಟು ಮೀನು ಹರಾಜು ಹಾಕೋ ಕಡೆ ಹ್ಯಾಗೆ ಹೋದ್ರಿ?"

ಈ ಬಾಣವು ನಾಟುವುದೆಂದು ಅವಳು ನಂಬಿದ್ದಳು. ನಾಟಲಿಲ್ಲ. ಮುದುಕರು ಕೆರಳಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ.

"ಪೂಜೆ ಬಿಟ್ಟೆ. ಆ ಹುಡುಗನಿಗಾಗಿ ಒಂದು ದಿವಸ ಪೂಜೆ ಬಿಟ್ಟೆ, ಬಂದು ಎರಡು ಸರ್ತಿ ತಲೆಗೆ ಸ್ನಾನ ಮಾಡ್ದೆ. ದೇವರು ನನ್ನನ್ನ ಕ್ಷಮಿಸ್ತಾನೆ. ಇವನನ್ನ ಕ್ಷಮಿಸ್ತಾನೋ ಇಲ್ಲವೋ ತಿಳೀದು."

ಗುರುಚರಣನು ಏನನ್ನೋ ಹೇಳಹೊರಟನು. ಹರಿಪ್ರಿಯಾ ಅವನ ಮೊಣಕೈ ಮುಟ್ಟಿ ತಡೆದಳು.

"ಶರಿ ಮಾಮಾ. ಆ ಬೆಳಗನ್ನ ನನಗೆ ಇನ್ನೊಂದು ಸಲ ಹೇಳಿ. ನಿಧಾನವಾಗಿ."

ಹರಿದಾಸರಾಯರು ಕಣ್ಣು ಮುಚ್ಚಿಕೊಂಡರು. ಅವರ ಮುಖದ ಬಿಗಿ ಸಡಿಲಿತು; ದನಿ ತಗ್ಗಿತು. ಪುರಾಣ ಓದುವಾಗಿನ ನಡಿಗೆ ಮಾತಿಗೆ ತಾನಾಗಿಯೇ ಬಂದಿತು.

"ದಡದಲ್ಲೆಲ್ಲಾ ಸಾಂಬ್ರಾಣಿ ಹೊಗೆ ಹಾಕಿಸಿದ್ದ. ಅವನ ಆಳುಗಳೆಲ್ಲಾ ಹೊಗೆಯ ಹಿಂದೆ. ನಾನು ಕಲ್ಲುಕಟ್ಟೆಯ ತುದೀಲಿ, ಗಾಳಿಯ ಕಡೆ ನಿಂತಿದ್ದೆ, ನನಗೆ ಮರೆಯಿರಲಿಲ್ಲ. ಒಂದು ದೋಣೀಲಿ ಇವನೂ ಇವನ ಕ್ಯಾಮೆರಾನೂ. ಇನ್ನೊಂದರ ಮೂತಿಯ ಮೇಲೆ ರವಿ. ಒಂದು ಅಲೆ ಎದ್ದಿತು, ಅಮ್ಮಾ. ಏಳುತ್ತಲೇ ಇತ್ತು. ಬೀಳಬೇಕೋ ಬೇಡವೋ ಅಂತ ಯೋಚನೆ ಮಾಡ್ತಿರೋ ಹಾಗೆ. ಒಂದು ಕಡಲಹಕ್ಕಿ ರೆಕ್ಕೆ ಬಿಚ್ಚಿ ಗಾಳಿಯಲ್ಲಿ ನಿಂತೇಬಿಟ್ಟಿತು. ಹುಡುಗನ ಅಂಗಿ ತಾವರೆಯ ಎಸಳು ಬಿಚ್ಚಿದ ಹಾಗೆ ಒಂದೊಂದೇ ಮಡಿಕೆಯಾಗಿ ಬಿಚ್ಕೊಳ್ತು..."

ಕೋಣೆಯಲ್ಲಿ ಗಡಿಯಾರದ ಸದ್ದು ಕೂಡ ಹಿಂಜರಿದಂತಿತ್ತು. ಹರಿಪ್ರಿಯಾಳಿಗೆ ತಾನು ಕಾಣದ ಆ ಮುಂಜಾವು ಕಣ್ಣೆದುರಿಗೆ ತೇಲಿ ಬಂದಿತು. ನೆಲದ ಮೇಲಿನ ಹಸಿರು ಬಿಸಿಲು ನೀರೆಂಬಂತೆ ಮಿಸುಕಿತು. ಕಣ್ಣಾರೆ ಕಂಡ ಸಾವನ್ನು ಯಾರಾದರೂ ಇಷ್ಟು ಚೆಲುವಾಗಿ ನೆನೆಯಬಲ್ಲರೇ? ಭೀತಿಯು ನೆನಪನ್ನು ಹರಿದು ಚೂರುಮಾಡುವುದುಂಟು. ಇಲ್ಲಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ಹಾಡು ಕೇಳಿಸ್ತಿತ್ತಾ, ಮಾಮಾ?"

"ಕೇಳಿಸ್ದೆ? ಒಂದೊಂದು ಅಕ್ಷರವೂ ಕೇಳಿಸ್ತು. ಆ ಹೊಗೆಯೊಳಗಿನಿಂದ ಅವನ ಮಂದ್ರದ ದನಿ, ಗರ್ಭಗುಡಿಯ ಗಂಟೆ ಬಾರಿಸಿ ಕೈ ಬಿಟ್ಟ ಮೇಲೂ ಗುಂಯ್ ಅಂತಿರುತ್ತಲ್ಲ, ಹಾಗೆ. ಪಲ್ಲವಿಯ ಕೊನೆಯ ಪದಕ್ಕೆ ಸರಿಯಾಗಿ ಇವನು ಹಗ್ಗ ಜಗ್ಗಿದ. ಹುಡುಗ ನೀರಿಗೆ ಹೋದ. ಹಾಡು ಮಾತ್ರ ನಿಲ್ಲಲಿಲ್ಲ."

ಗುರುಚರಣನ ಉಸಿರು ತಡೆದುದು ಅವಳಿಗೆ ಕೇಳಿಸಿತು. ಅವಳು ಅವನತ್ತ ತಿರುಗಲಿಲ್ಲ. ಮೇಜಿನ ಅಂಚಿನಲ್ಲಿದ್ದ ಟೇಪ್‌ರೆಕಾರ್ಡರಿನೊಳಗೆ ಕೈಚೀಲದ ಕ್ಯಾಸೆಟ್ಟನ್ನು ಇಟ್ಟು ಗುಂಡಿ ಒತ್ತಿದಳು.

ಕಿಚಕಿಚ ಸದ್ದು ಕೋಣೆಯನ್ನೆಲ್ಲ ತುಂಬಿತು.

ರಾಯರು ಹುಬ್ಬು ಗಂಟಿಕ್ಕಿದರು. "ಇದೇನಮ್ಮಾ ಇದು? ಇಲಿಮರಿಗಳ ಭಜನೆಯಾ? ನಿಲ್ಲಿಸು, ದೇವರ ಪಟಗಳಿವೆ."

"ಗೊತ್ತಾಗ್ಲಿಲ್ವಾ, ಮಾಮಾ?"

"ಏನು ಗೊತ್ತಾಗ್ಬೇಕು?"

"ಆ ಬೆಳಗ್ಗೆ ಕಾಸಿಮೇಡಲ್ಲಿ ಹಾಕಿದ ಹಾಡು ಇದೇ. ಇದೊಂದೇ. ನೀವು ಹೇಳೋ ಮಂದ್ರದ ದನಿ ಅಲ್ಲಿ ಒಂದು ಕ್ಷಣವೂ ಕೇಳಿಸ್ಲಿಲ್ಲ. ಅಲೆ ನಿಧಾನವಾಗಿ ಏಳ್ಲಿಲ್ಲ. ಹಕ್ಕಿ ಗಾಳೀಲಿ ನಿಲ್ಲಲಿಲ್ಲ. ಅದೆಲ್ಲಾ ಪರದೆಯ ಮೇಲೆ ಮಾತ್ರ ಆಗೋದು."

ರಾಯರ ಬೆರಳುಗಳಿಂದ ತುಳಸೀಮಣಿ ಜಾರಿತು.

"ನೀವು ಕಂಡದ್ದು ಆ ಬೆಳಗನ್ನಲ್ಲ, ಮಾಮಾ. ಅದರ ಫಿಲ್ಮನ್ನ. ಡಬ್ಬಿ ನಿಮ್ಮ ಹತ್ರ ಇದೆ."

ಅವರು ಬಗ್ಗಿ ಮಣಿಯನ್ನು ಎತ್ತಿಕೊಂಡರು. ನಲವತ್ತು ವರ್ಷ ಹಾಡುಗಳ ನಡುವೆ ಬಾಳಿದವರು ಚಿತ್ರೀಕರಣದ ಜಾಗಕ್ಕೆ ಒಮ್ಮೆಯೂ ಕಾಲಿಟ್ಟವರಲ್ಲ. ಹಾಡೆಂಬುದು ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಹುಟ್ಟಿ, ಹುಟ್ಟಿದಂತೆಯೇ ಎಲ್ಲೆಡೆ ಕೇಳಿಸುವ ವಸ್ತುವೆಂದೇ ಅವರು ತಿಳಿದಿದ್ದರು. ಕೊನೆಗೆ ಎದ್ದು, ಪಕ್ಕದ ಕೋಣೆಯ ಬಾಗಿಲನ್ನು ತಳ್ಳಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿತ್ತು. ನಡುವೆ ಪ್ರೊಜೆಕ್ಟರು, ಎದುರಿಗೆ ಸುಣ್ಣದ ಬಿಳಿಗೋಡೆ.

"ಇವನ ಕ್ಯಾಮೆರಾ ನೋಡ್ಕೊಳ್ಳೋ ಸುಬ್ರಾಯ ಅವತ್ತೇ ಮಧ್ಯಾಹ್ನ ತಂದುಕೊಟ್ಟ. ಯಜಮಾನರ ಸೊತ್ತು ಅಂತ. ನಾನೇ ಲ್ಯಾಬಿನಲ್ಲಿ ತೊಳೆಸಿ ತರಿಸ್ದೆ. ಹಾಡನ್ನ ಜೊತೇಲಿ ಹಾಕ್ಕೊಂಡು ದಿನಾ ನೋಡ್ದೆ. ನೋಡಿ ನೋಡಿ, ನಾನೂ ಅಲ್ಲಿದ್ದೆ ಅಂತಲೇ ಅನ್ನಿಸ್ತಾ ಬಂತು."

"ಇದು ಬೇಡ," ಎಂದನು ಗುರುಚರಣ.

ಅವನ ಮುಖದಲ್ಲಿ ಬಣ್ಣವಿರಲಿಲ್ಲ. ತನ್ನನ್ನು ಸೆರೆಯಿಂದ ಬಿಡಿಸಬಲ್ಲ ಫಿಲ್ಮನ್ನು ಕಂಡು ಅವನೇಕೆ ಅಂಜಬೇಕು? ಹರಿಪ್ರಿಯಾ ಅವನನ್ನು ಒಮ್ಮೆ ಅಳೆದು ನೋಡಿ, ಸ್ವಿಚ್ಚನ್ನು ತಾನೇ ಅದುಮಿದಳು.

ಗೋಡೆಯ ಮೇಲೆ ಕಡಲು ಮೂಡಿತು. ಸದ್ದಿಲ್ಲದ, ತೂಕವಿಲ್ಲದ ಕಡಲು. ಅಲೆಯೊಂದು ಎದ್ದು, ತನ್ನ ನೆತ್ತಿಯ ನೊರೆಯನ್ನು ತಾನೇ ನೋಡಿಕೊಳ್ಳುವಂತೆ ತಡೆದು, ಬಳಿಕ ಒಲ್ಲದ ಮನಸ್ಸಿನಿಂದ ಬಾಗಿತು. ಸಾಂಬ್ರಾಣಿಯ ಹೊಗೆ ನೀರಿನ ಮೇಲೆ ಹಾಸುತ್ತ, ಸುರುಳಿ ಬಿಚ್ಚುತ್ತ, ದೋಣಿಯ ಕೊರಳನ್ನು ಬಳಸಿತು. ಅದರೊಳಗಿನಿಂದ ರವಿಕಿರಣನು ಹೊರಬಂದನು. ತುಟಿಗಳು ಶಾಂತವಾಗಿ ಚಲಿಸುತ್ತಿದ್ದವು. ಅವನು ಎರಡೂ ತೋಳುಗಳನ್ನು ಚಾಚಿ ಹಿಂದಕ್ಕೆ ವಾಲಿದನು. ವಾಲುತ್ತಲೇ ಇದ್ದನು. ಅವನು ಬಿದ್ದನೆನ್ನಲಾಗದು, ಕಡಲೇ ಎದ್ದು ಬಂದು ಅವನನ್ನು ಒಳಕ್ಕೆ ಕರೆದುಕೊಂಡಿತು.

ಎರಡು ದೋಣಿಗಳ ನಡುವಿನ ಹಗ್ಗವು ಸಡಿಲವಾಗಿಯೇ ತೂಗುತ್ತಿತ್ತು. ಅದನ್ನು ಯಾರೂ ಜಗ್ಗಿರಲಿಲ್ಲ.

ಚೌಕಟ್ಟು ಬರಿದಾಯಿತು. ನೀರು, ಹೊಗೆ, ಮತ್ತೆ ನೀರು. ಹರಿಪ್ರಿಯಾ ಸ್ವಿಚ್ಚಿನತ್ತ ಕೈ ನೀಡಿದಳು.

"ಇರು," ಎಂದರು ರಾಯರು.

ಚಿತ್ರದ ಕೆಳ ಅಂಚಿನಿಂದ ಒದ್ದೆಯಾದ ಕೈಯೊಂದು ಮೇಲೆದ್ದಿತು. ಹನಿಗಳು ಬೆರಳುಗಳಿಂದ ಒಂದೊಂದಾಗಿ ಬೇರ್ಪಟ್ಟು ಇಳಿದವು. ಆ ಕೈ ಕ್ಯಾಮೆರಾ ಇದ್ದ ದೋಣಿಯ ಅಂಚನ್ನು ಹಿಡಿದುಕೊಂಡಿತು. ಬಲಗಡೆಯಿಂದ ಇನ್ನೊಂದು ತೋಳು ಅಡ್ಡಬಂದಿತು. ಮೊದಲು ಮಸುಕಾದ ನೆರಳು, ಬಳಿಕ ನಿಚ್ಚಳವಾದ ಮುಂದೋಳು. ಅದರ ಮೇಲೆ ಗೋಪೀಚಂದನದ ಶಂಖವಿತ್ತು, ಚಕ್ರವಿತ್ತು. ಎರಡು ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದವು.

ಸುರುಳಿ ಮುಗಿಯಿತು. ಗೋಡೆ ಬೆಳ್ಳಗಾಯಿತು.

"ಕ್ಯಾಮೆರಾ ನಿಲ್ಲಿಸ್ಬೇಕಿತ್ತು," ಎಂದನು ಗುರುಚರಣ, ತನ್ನಷ್ಟಕ್ಕೆ ಎಂಬಂತೆ. "ಅವನು ಮುಳುಗಿದ ಕೂಡ್ಲೇ ನಿಲ್ಲಿಸ್ಬೇಕು ಅಂತಲೇ ಮಾತಾಗಿತ್ತು. ಆದ್ರೆ ಆ ಖಾಲಿ ನೀರು, ಅದರ ಮೇಲೆ ಆ ಹೊಗೆ... ಅಂಥಾ ಶಾಟ್ ನನಗೆ ಇನ್ಯಾವತ್ತೂ ಸಿಕ್ಕಿರ್ಲಿಲ್ಲ, ಪ್ರಿಯಾ. ಸ್ವಿಚ್ ಮೇಲೆ ಕೈ ಹೋಗ್ಲೇ ಇಲ್ಲ."

"ಅಂದ್ರೆ ಇಬ್ಬರೂ ಸೇರಿ ಆಡಿದ ಆಟ."

"ಈ ಆಲ್ಬಮ್ ಒಂದಕ್ಕೆ ಮಾಮಾ ಒಪ್ಪಿದ್ರು. ಇದಾದ್ಮೇಲೆ ಜನ್ಮ ಪೂರ್ತಿ ದೇವರನಾಮ ಮಾತ್ರ, ಹಿಪ್‌ಹಾಪ್ ಅಂತ ಬಾಯಿ ಬಿಡಬಾರದು ಅಂದ್ರು. ಒಪ್ಪಂದದಿಂದ ಬಿಡಿಸ್ಕೊಳ್ಳೋಕೆ ಅವನಿಗೆ ಬೇರೆ ದಾರಿ ಇರ್ಲಿಲ್ಲ. ಸತ್ತವನನ್ನ ಯಾರೂ ಹಾಡು ಅಂತ ಕಟ್ಟಿ ಹಾಕಲ್ಲ ಅಂದ. ಬಲೆಗಳ ಕೆಳಗೆ ಅವನನ್ನ ಮಲಗಿಸ್ದೆ. ಜನ ಹುಡುಕೋಕೆ ಆ ಕಡೆ ಓಡಿದಾಗ ಲುಂಗಿ ಸುತ್ಕೊಂಡು ನಡ್ಕೊಂಡೇ ಹೋದ."

"ನನಗೆ ಇದನ್ನ ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?" ಅವಳ ದನಿ ಒರಟಾಯಿತು. "ಈ ಕಸುಬಿನಲ್ಲಿ ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದೀನಿ. ನನ್ನ ಪಾಠದ ಪುಸ್ತಕದಲ್ಲಿ ಚಿತ್ರ ಬಿಡಿಸ್ತಿದ್ದವನು ಹೇಳ್ತಾನೆ ಅಂದ್ಕೊಂಡಿರ್ಲಿಲ್ಲ."

"ಅವನಿಗೆ ಮಾತು ಕೊಟ್ಟಿದ್ದೆ."

ಹರಿದಾಸರಾಯರು ಗೋಡೆಗೆ ಒರಗಿ ನಿಂತಿದ್ದರು.

"ಮೊದಲನೇ ಸಲ ಇದನ್ನ ನೋಡಿದಾಗ ದೇವರ ಮುಂದೆ ಬಿದ್ದು ಅತ್ತೆ, ಹುಡುಗ ಬದುಕಿದಾನೆ ಅಂತ. ಎರಡನೇ ಸಲ ನೋಡಿದಾಗ ಸಿಟ್ಟು ಬಂತು. ಹಾಲುಗಲ್ಲದ ವಯಸ್ಸಿನಿಂದ ಆ ಕಂಠಕ್ಕೆ ಕಾವಲಿದ್ದವನು ನಾನು. ಮಂಜು ಬಿದ್ದರೆ ಕೊರಳಿಗೆ ಶಾಲು ಸುತ್ತಿದವನು ನಾನು. ನನ್ನಿಂದ ತಪ್ಪಿಸ್ಕೊಳ್ಳೋಕೆ ಸತ್ತೇ ಹೋದೆ ಅಂತ ನಾಟಕ ಆಡ್ಬೇಕಾ? ಅವನು ಸತ್ತ ಅಂತೀಯಾ, ಹಾಗಾದ್ರೆ ಕೊಂದವನು ನೀನೇ ಅಂದ್ಬಿಟ್ಟೆ. ನಿನ್ನ ಕೈಗೆ ಕೋಳ ಬಿತ್ತು ಅಂದ್ರೆ ಹುಡುಗ ತಾನಾಗಿ ಓಡಿ ಬರ್ತಾನೆ. ಸ್ನೇಹಿತನನ್ನ ಬಿಟ್ಟುಕೊಡೋ ಕೂಸಲ್ಲ ಅದು." ಅವರು ಕೈ ಮುಗಿಯುವಂತೆ ಮಾಡಿದರು. "ಸಾಕೋ ಗುರು. ನಾನೂ ಸೋತೆ. ಹಿಪ್‌ಹಾಪೇ ಹಾಡ್ಲಿ, ಏನು ಬೇಕಾದ್ರೂ ಹಾಡ್ಲಿ. ನೀನು ಬಚ್ಚಿಟ್ಟಿರೋ ಕಡೆಯಿಂದ ಕರ್ಕೊಂಡು ಬಾ."

ಗುರುಚರಣನು ಮೆಲ್ಲನೆ ತಲೆಯೆತ್ತಿದನು.

"ಅವನು ನಿಮ್ಮ ಹತ್ರ ಇಲ್ವಾ?"

"ನನ್ನ ಹತ್ರವಾ?"

"ಸುಬ್ರಾಯ ಡಬ್ಬಿ ಕೊಟ್ಟಿದ್ದು ನಿಮಗೆ ಅಂತ ಈಗ ಗೊತ್ತಾಯ್ತು. ಆದ್ರೆ ಅವತ್ತಿನಿಂದಲೂ ನಾನು, ನೀವೇ ಹ್ಯಾಗೋ ಪತ್ತೆ ಮಾಡಿ ಅವನನ್ನ ಎತ್ಕೊಂಡು ಹೋಗಿದೀರಿ ಅಂದ್ಕೊಂಡಿದ್ದೆ. ಅದಕ್ಕೇ ತಾನೇ ಪ್ರಿಯಾನ ಹತ್ರ ಓಡಿದ್ದು!"

"ನೀನು ಬಚ್ಚಿಟ್ಟಿದೀಯ ಅಂತಲ್ಲವೇನೋ ನಾನು ಸುಳ್ಳು ಸಾಕ್ಷಿ ಹೇಳಿದ್ದು!"

ಪ್ರೊಜೆಕ್ಟರಿನಲ್ಲಿ ಸುರುಳಿಯ ಬಾಲವು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಇಬ್ಬರು ಗಂಡಸರೂ, ಬಿಳಿಯ ಬೆಳಕಿನಲ್ಲಿ ಒಬ್ಬರ ಮುಖವನ್ನೊಬ್ಬರು ಮೊದಲ ಬಾರಿಗೆ ಕಾಣುವವರಂತೆ ನಿಂತರು. ಜೀವಂತವಾಗಿ ಹುಡುಕಿಕೊಡು ಎಂದುದು ದುಃಖದ ಹಂಬಲವಾಗಿರಲಿಲ್ಲವೆಂದು ಹರಿಪ್ರಿಯಾಳಿಗೆ ಈಗ ಹೊಳೆಯಿತು. ಅವಳು ಯಂತ್ರವನ್ನು ನಿಲ್ಲಿಸಿದಳು.

"ಬಂದರಿನಿಂದ ಅವನು ಎಲ್ಲಿಗೆ ಹೋಗ್ಬೇಕು ಅಂತಿತ್ತು, ಗುರು?"

"ಪೋರೂರಿಗೆ. ಕೆರೆ ಪಕ್ಕ ಒಂದು ಖಾಲಿ ಫ್ಲ್ಯಾಟ್. ನನ್ನ ಕ್ಯಾಮೆರಾ ಸಾಮಾನು ಇಡೋ ಜಾಗ. ನನಗೂ ಅವನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಅವತ್ತು ಸಂಜೆ ಊಟ ಕಟ್ಟಿಸ್ಕೊಂಡು ಹೋದೆ. ಬಾಗಿಲು ತೆರೆದಿತ್ತು. ಅವನಿರ್ಲಿಲ್ಲ."

"ಬೇರೇನಿತ್ತು? ನೋಡಿದ್ದನ್ನ ನೋಡಿದ ಹಾಗೇ ಹೇಳು. ಷೂಟ್ ಮಾಡಿದ ಹಾಗೆ."

ಅವನು ಕಣ್ಣು ಕಿರಿದು ಮಾಡಿ, ಬಿಳಿಗೋಡೆಯ ಮೇಲೆ ಆ ಕೋಣೆಯನ್ನು ಕಾಣುವವನಂತೆ ನುಡಿದನು. "ನೆಲದ ಮೇಲೆ ಎರಡು ಬಾಳೆಲೆ, ಎದುರುಬದುರು. ನನಗಿಂತ ಮುಂಚೆ ಯಾರೋ ಊಟ ತಂದಿದ್ರು. ಒಂದು ಎಲೆಯಲ್ಲಿ ಬಡಿಸಿದ್ದು ಹಾಗೇ ಇತ್ತು, ಅನ್ನದ ಮೇಲೆ ತುಪ್ಪ ಗಟ್ಟಿಯಾಗಿತ್ತು. ಇನ್ನೊಂದರಲ್ಲಿ ಊಟ ಮುಗಿಸಿ ಎಲೆ ಮಡಿಸಿದ್ರು."

"ಹ್ಯಾಗೆ ಮಡಿಸಿದ್ರು?" ಎಂದು ಕೇಳಿದವರು ಹರಿದಾಸರಾಯರು.

"ಹ್ಯಾಗೆ ಅಂದ್ರೆ?"

"ಮೈ ಕಡೆಗಾ, ಆಚೆಗಾ?"

ಗುರುಚರಣನು ಗಾಳಿಯಲ್ಲಿ ಕೈಯಾಡಿಸಿ ನೋಡಿಕೊಂಡನು. ಕೈ ತನ್ನಿಂದ ದೂರಕ್ಕೆ ಮಡಿಯಿತು. "ಆಚೆಗೆ."

ಮುದುಕರು ಗೋಡೆಯನ್ನು ಹಿಡಿದುಕೊಂಡರು. "ನಾರಾಯಣ, ನಾರಾಯಣ. ಶುಭದ ಊಟಕ್ಕೆ ಎಲೆಯನ್ನ ನಮ್ಮ ಕಡೆಗೆ ಮಡಿಸ್ತೀವಿ. ಆಚೆಗೆ ಮಡಿಸೋದು ಸಾವಿನ ಮನೆಯ ಊಟದಲ್ಲಿ ಮಾತ್ರ ಕಣಪ್ಪಾ."

ರವಿಕಿರಣನು ಎದುರಿಗೇ, ಜೀವಂತವಾಗಿ ಕುಳಿತಿರುವಾಗ, ಅವನ ಸಾವಿನ ಊಟವನ್ನು ಯಾರೋ ಸಾವಧಾನವಾಗಿ ಉಂಡೆದ್ದಿದ್ದರು. ಊರೆಲ್ಲ ಸತ್ತನೆಂದು ನಂಬಿದವನಿಗೆ ಏನಾದರೂ, ಕೇಳುವವರೇ ಇಲ್ಲ.

ಕೆಳಗೆ ಗೇಟಿನ ಬಳಿ ಜೀಪು ನಿಂತ ಸದ್ದಾಯಿತು. ಬೂಟುಗಳು ಜಗಲಿಯನ್ನೇರಿದವು. ಸಬ್‌ಇನ್‌ಸ್ಪೆಕ್ಟರು ಕಾವಲುಗಾರನೊಡನೆ ಗುರುಚರಣನ ಹೆಸರು ಹೇಳಿ ವಿಚಾರಿಸುತ್ತಿದ್ದರು.

"ನಾನು ಹೇಳಿದ್ದೆಲ್ಲಾ ಸುಳ್ಳು ಅಂತ ಈಗಲೇ ಹೋಗಿ ಹೇಳ್ತೀನಿ," ಎಂದು ರಾಯರು ಬಾಗಿಲ ಕಡೆ ಹೊರಟರು. "ಈ ಫಿಲ್ಮ್ ತೋರಿಸ್ತೀನಿ. ನಿನ್ನ ಮೇಲೆ ಒಂದು ಕೂದಲಷ್ಟೂ ತಪ್ಪು ಬಾರದು."

ಗುರುಚರಣನು ಅವರಿಗೆ ಅಡ್ಡನಿಂತನು. "ಬೇಡ ಮಾಮಾ."

"ಯಾಕೋ?"

"ರವಿ ಬದುಕಿದಾನೆ ಅಂತ ಇವರಿಗೆ ಇವತ್ತು ಗೊತ್ತಾದ್ರೆ ನಾಳೆ ಪೇಪರ್‌ನಲ್ಲಿ ಬರುತ್ತೆ. ಅವನನ್ನ ಇಟ್ಕೊಂಡಿರೋನು ಅದನ್ನ ಓದ್ತಾನೆ. ಪೊಲೀಸ್ನೋರು ಹುಡುಕ್ತಾರೆ ಅಂತ ಗೊತ್ತಾದ್ಮೇಲೆ ರವೀನ ಉಳಿಸ್ತಾನಾ? ಸಾವಿನ ಲೆಕ್ಕ ಮುಗೀತು, ಕೊಂದವನೂ ಸಿಕ್ಕಿಬಿದ್ದ ಅಂತ ಅವನು ನಿಶ್ಚಿಂತೆಯಾಗಿರೋವರೆಗೆ ಮಾತ್ರ ರವಿಗೆ ಉಸಿರು."

"ನೀನು ಒಳಗೆ ಹೋದ್ರೆ ನಿನ್ನ ಗತಿ?" ಹರಿಪ್ರಿಯಾ ಅವನ ತೋಳು ಹಿಡಿದಳು. "ಒಂದು ಸಲ ಬಾಯಿಂದ ಬಂದ ಮಾತನ್ನ ಕೋರ್ಟಿನಲ್ಲಿ ವಾಪಸ್ ತಗೊಳ್ಳೋದು ಅಂದ್ರೆ ಏನು ಅಂತ ಗೊತ್ತಾ ನಿನಗೆ? ನಿನ್ನ ಕ್ಯಾಮೆರಾ, ನಿನ್ನ ಹೆಸರು, ಎಲ್ಲಾ ಹೋಗುತ್ತೆ ಗುರು."

"ಅದಕ್ಕೇ ಸೀಕ್ರಂ, ಬೇಗ ಹುಡುಕು," ಎಂದು ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದನು. "ಜೀವಂತವಾಗಿ ಅಂತ ಹೇಳಿದೀನಿ, ನೆನಪಿರ್ಲಿ."

ಅವನು ಹೊರಗೆ ಹೋದನು. ಬಾಗಿಲಿನಿಂದ ಅವಳಿಗೆ ಮಹಡಿಯ ಮೆಟ್ಟಿಲುಗಳೂ, ಕೆಳಗೆ ಟೋಪಿಯನ್ನು ಕಂಕುಳಲ್ಲಿಟ್ಟು ಮೇಲೆ ನೋಡುತ್ತಿದ್ದ ಸಬ್‌ಇನ್‌ಸ್ಪೆಕ್ಟರೂ ಕಾಣುತ್ತಿದ್ದರು. ಗುರುಚರಣನು ನಡುವಿನ ಮೆಟ್ಟಿಲಿನಲ್ಲಿ ನಿಂತು, ಎರಡೂ ಕೈಗಳನ್ನು ಮುಂದೆ ಚಾಚಿ, ಒಂದು ಅಕ್ಷರವೂ ತಡವರಿಸದೆ ತಮಿಳಿನಲ್ಲಿ ನುಡಿದನು:

"ಹರಿದಾಸರಾಯರು ಹೇಳಿದ್ದೆಲ್ಲ ನಿಜ, ಸಾರ್. ಹಗ್ಗ ಜಗ್ಗಿದವನು ನಾನೇ. ರವಿಕಿರಣನನ್ನು ಕೊಂದವನೂ ನಾನೇ."